ಆನೆಮಾಮನ ಕುರ್ಚಿ

ಕ್ಲಬ್ಬಿನ ಹೊಸ ಕಾರ್ಯದರ್ಶಿ ನಮ್ಮ ಬಡಗಿ ಅಂಗಡಿಗೆ ಮೊದಲ ಸಲ ಬಂದಾಗ, ಕೂರಿ ಎನ್ನಲು ನನ್ನ ಬಳಿ ಒಂದು ಕುರ್ಚಿಯೂ ಇರಲಿಲ್ಲ. ಮೂರು ತಲೆಮಾರಿನಿಂದ ಕುರ್ಚಿ ಮಾಡಿಯೇ ಉಂಡ ಮನೆ ನಮ್ಮದು. ನಾವು ಕೂರುವುದು ಮಾತ್ರ ದಿಮ್ಮಿಯ ಮೇಲೆ. ಒಂದು ದಿಮ್ಮಿಯ ಹೊಟ್ಟು ಕೊಡವಿ ತೋರಿಸಿದೆ. ಅವರು ದಿಮ್ಮಿಯನ್ನು ನೋಡಿದರು, ತಮ್ಮ ಪ್ಯಾಂಟಿನ ಚೂಪು ಗೆರೆಯನ್ನು ನೋಡಿಕೊಂಡರು, ನಿಂತೇ ಮಾತಾಡಿದರು. ಅವತ್ತೇ ನಾನು ಅವರಿಗೆ ಇಸ್ತ್ರಿ ಎಂದು ಹೆಸರಿಟ್ಟೆ. ಎದುರಿಗೆ ಸಾರ್ ಎನ್ನುತ್ತೇನೆ, ಅದು ಬೇರೆ ಮಾತು.

ಇಸ್ತ್ರಿಯವರು ಬಂದದ್ದು ಚರಿತ್ರೆ ಕೇಳಲು. ಗಾಲ್ಫ್ ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡ ಗಂಡಸರಿಗಾಗಿ ಕ್ಲಬ್ಬು ವರ್ಷಕ್ಕೊಮ್ಮೆ ನಡೆಸುವ ಟೂರ್ನಿಗೆ ಎಪ್ಪತ್ತೈದು ತುಂಬುತ್ತಿತ್ತು. ಹೊಸ ಪ್ರಾಯೋಜಕರು ಸಿಕ್ಕಿದ್ದರು, ನೆನಪಿಗೊಂದು ಬಣ್ಣದ ಪುಸ್ತಕ ಬರಬೇಕಿತ್ತು. ಕ್ಲಬ್ಬಿನ ಹಳೆಯ ಕಾಗದಗಳನ್ನು ಗೆದ್ದಲು ಎಂದೋ ಓದಿ ಮುಗಿಸಿತ್ತು. ಬಡಗಿಯವರ ಮನೆಯಲ್ಲಿ ಕೇಳಿ ಎಂದು ಯಾರೋ ಹೇಳಿದ್ದರಂತೆ.

ನಾನು ತಲೆಯ ಮೇಲೆ ಕೈ ತೋರಿಸಿದೆ. ನಮ್ಮ ಅಂಗಡಿಯ ತೊಲೆಗೆ ಸಾಲಾಗಿ ಅಳತೆಕೋಲುಗಳು ತೂಗುತ್ತವೆ. ಟೂರ್ನಿ ಗೆದ್ದ ಒಬ್ಬೊಬ್ಬ ಆಟಗಾರನಿಗೂ ಒಂದು ಕೋಲು. ಮೊಣಕಾಲಿನ ಎತ್ತರಕ್ಕೆ ಒಂದು ಗೀರು, ಸೊಂಟದ ಅಗಲಕ್ಕೆ ಒಂದು, ಮೊಣಕೈಗೆ ಒಂದು, ಬೆನ್ನಿಗೆ ಒಂದು. ಅಪ್ಪ ಟೇಪನ್ನು ನಂಬುತ್ತಿರಲಿಲ್ಲ. ಟೇಪು ಬರೀ ಸಂಖ್ಯೆ ಹೇಳುತ್ತದೆ, ಕೋಲು ಹಿಡಿದರೆ ಆಸಾಮಿಯೇ ಎದುರಿಗೆ ಬಂದು ನಿಲ್ಲುತ್ತಾನೆ ಎನ್ನುತ್ತಿದ್ದ. ನಿಜವೇ. ಯಾವ ಕೋಲು ತೆಗೆದರೂ ಆ ವರ್ಷದ ಕಥೆ ನನಗೆ ಬಾಯಿಗೆ ಬರುತ್ತದೆ.

ಮೊದಲ ಕೋಲಿನ ಕಥೆ ಅಜ್ಜ ಅಪ್ಪನಿಗೆ ಹೇಳಿದ್ದು, ಅಪ್ಪ ನನಗೆ ಹೇಳಿದ್ದು. ಆ ಕಾಲದಲ್ಲಿ ಕ್ಲಬ್ಬಿನ ಸದಸ್ಯರು ಮೋಜಿಗೆ ಆಡುವವರು. ಹೊಟ್ಟೆಪಾಡಿಗೆ ಆಡುವವನೆಂದರೆ ಅವರ ಕಣ್ಣಿಗೆ ಆಳು. ಆತ ಹುಲ್ಲುಹಾಸಿನ ಮೇಲೆ ಆಡಬಹುದು, ಊಟದ ಹಾಲಿಗೆ ಕಾಲಿಡುವಂತಿಲ್ಲ. ಬಟ್ಟೆ ಬದಲಿಸಬೇಕೆಂದರೆ ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸುವ ಶೆಡ್ಡು. ಮೊದಲ ಟೂರ್ನಿ ಗೆದ್ದವನು ದಿನಗಟ್ಟಲೆ ಬಿಸಿಲಲ್ಲಿ ನಡೆದು ಆಡಿ, ಕೊನೆಗೆ ಬಹುಮಾನ ತೆಗೆದುಕೊಳ್ಳಲು ಜಗುಲಿಯ ಮೆಟ್ಟಿಲ ಹತ್ತಿರ ನಿಂತಿದ್ದ. ಒಳಗೆ ಎಲ್ಲರೂ ಕಾಲು ಚಾಚಿ ಕೂತಿದ್ದರು. ಅಧ್ಯಕ್ಷರು ಹೊರಗೆ ಬಂದು ಬೆಳ್ಳಿಯ ಬಟ್ಟಲು ಕೊಟ್ಟು, ಇನ್ನೇನಾದರೂ ಬೇಕೇನಪ್ಪಾ ಎಂದು ಬಾಯಿಮಾತಿಗೆ ಕೇಳಿದರು. ಆತ, “ಕೂರೋಕೆ ಒಂದು ಕುರ್ಚಿ ಕೊಡಿ ಸ್ವಾಮಿ” ಎಂದ.

ಅಧ್ಯಕ್ಷರ ಮುಖ ಕೆಂಪಾಯಿತು. ಸಿಟ್ಟಿಗೋ ನಾಚಿಕೆಗೋ ಅಜ್ಜನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಅಜ್ಜ ಅಲ್ಲೇ ಬಾಗಿಲಿನ ಕೀಲು ಸರಿಮಾಡುತ್ತಿದ್ದ. ಅವನನ್ನು ಕರೆದು, ಈತನ ಮೈ ಅಳತೆಗೆ ಒಂದು ಕುರ್ಚಿ ಮಾಡು, ನಾಳೆ ಸಂಜೆ ಈತ ಅದರಲ್ಲಿ ನಮ್ಮ ಜೊತೆ ಊಟಕ್ಕೆ ಕೂರಬೇಕು ಎಂದರು. ಮೈ ಅಳತೆಗೆ ಏಕೆಂದರೆ, ಬೇರೆ ಯಾರೂ ಅದನ್ನು ತಮ್ಮದೆಂದು ಎಳೆದುಕೊಳ್ಳಬಾರದು. ಅಂದಿನಿಂದ ಪ್ರತಿ ವರ್ಷ ಟೂರ್ನಿಯ ಮರುದಿನ ಸಂಜೆ ಗೆದ್ದವರ ಊಟ, ಗೆದ್ದವನಿಗೆ ಹಾಲಿನಲ್ಲಿ ಒಂದು ಕುರ್ಚಿ. ಹಳೆಯ ವಿಜೇತರೂ ಬಂದು ತಮ್ಮ ತಮ್ಮ ಕುರ್ಚಿಯಲ್ಲಿ ಕೂರುತ್ತಾರೆ. ಎರಡು ಸಲ ಗೆದ್ದರೂ ಕುರ್ಚಿ ಒಂದೇ. ಮನುಷ್ಯ ತೀರಿಕೊಂಡ ಮೇಲೆ ಕುರ್ಚಿ ಅವನ ಮನೆಗೆ ಹೋಗುತ್ತದೆ.

ಇದನ್ನೆಲ್ಲ ಹೇಳುವಾಗ ನನಗೆ ಸ್ವಲ್ಪ ಕೊಬ್ಬು ಬರುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಇಸ್ತ್ರಿಯವರು ಏನನ್ನೂ ಬರೆದುಕೊಳ್ಳಲಿಲ್ಲ. ಕಥೆ ಚೆನ್ನಾಗಿದೆ, ಪುಸ್ತಕದಲ್ಲಿ ಒಂದು ಪುಟ ಹಾಕೋಣ ಎಂದರು. ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದರು. ಹಾಲು ಸಣ್ಣದು, ಕುರ್ಚಿಗಳು ಒಂದೊಂದೂ ಒಂದೊಂದು ಥರ, ಮೇಜಿಗೆ ಹೊಂದುವುದಿಲ್ಲ, ಫೋಟೋದಲ್ಲಿ ಹರಾಜಿನ ಅಂಗಡಿಯಂತೆ ಕಾಣುತ್ತದೆ. ಪ್ರಾಯೋಜಕರು ಒಂದೇ ಮಾದರಿಯ ಹೊಸ ಕುರ್ಚಿಗಳನ್ನು ಕೊಡಿಸುತ್ತಾರೆ. ವಿಜೇತರ ಹೆಸರು ಗೋಡೆಯ ಮೇಲೆ ಫಲಕದಲ್ಲಿ ಇರುತ್ತದೆ. ಈ ಸಲದ ಊಟದ ದಿನ ಹಳೆಯ ವಿಜೇತರ ಮುಂದೆ ಪ್ರಸ್ತಾಪ ಇಟ್ಟು ಒಪ್ಪಿಗೆ ಪಡೆಯುತ್ತಾರೆ. ಹಳೆಯ ಕುರ್ಚಿಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳಿದೆ. ಅದನ್ನು ಇನ್ನೂ ಯೋಚಿಸಿಲ್ಲ ಎಂದರು. ಕೆಟ್ಟ ಮನುಷ್ಯರಲ್ಲ. ಯೋಚಿಸಿಲ್ಲ, ಅಷ್ಟೇ.

ಅವರು ಹೋದ ಮೇಲೆ ನಾನು ರಂದ ಹಿಡಿದು ಸುಮ್ಮನೆ ಒಂದು ಹಲಗೆಯನ್ನು ಉಜ್ಜಿದೆ. ಅದಕ್ಕೆ ರಂದದ ಅಗತ್ಯವೇ ಇರಲಿಲ್ಲ. ನನ್ನ ಗಂಡ ಕಿಟಕಿ ಬಾಗಿಲು ಮಾಡಿ ಮನೆ ನಡೆಸುತ್ತಾನೆ. ಕುರ್ಚಿಯಿಂದ ನಮ್ಮ ಹೊಟ್ಟೆ ತುಂಬುವ ಕಾಲ ಎಂದೋ ಹೋಯಿತು. ಆದರೂ ವರ್ಷವಿಡೀ ನಾನು ಮಾಡುವ ಕೆಲಸದಲ್ಲಿ ಇದು ನನ್ನದು ಎಂದು ಬೆನ್ನು ನೇರ ಮಾಡಿ ಹೇಳಬಹುದಾದದ್ದು ಅದೊಂದೇ. ಅದು ಹೋದರೆ ನಾನು ಬರೀ ಬೀರುವಿನ ಬಾಗಿಲು ಕೂರಿಸುವವಳು.

ನನ್ನ ಬೆನ್ನ ಹಿಂದೆ ಕಿಟಕಿಯ ಬಳಿ ಅಮ್ಮ ಕೂತು ಬೆತ್ತ ಹೆಣೆಯುತ್ತಿದ್ದಳು. ಎಂಬತ್ತರ ಹತ್ತಿರ ಬಂದರೂ ಕುರ್ಚಿಗಳ ಬೆತ್ತದ ಕೆಲಸ ಅವಳದೇ. ಕಣ್ಣು ಮಂಜಾಗಿದೆ, ಬೆರಳು ಮಂಜಾಗಿಲ್ಲ. ಹೆಣೆಯುತ್ತಲೇ ಹೇಳಿದಳು.

“ಈ ಸಲ ಆನೆ ಬರ್ತಾರಂತೆ. ಕ್ಲಬ್ಬಿನ ತೋಟದವನು ಹೇಳ್ದ.”

ಆನೆ ಎಂದರೆ ಆನೆಮಾಮ. ನಾನು ಹುಟ್ಟಿದ ವರ್ಷ ಟೂರ್ನಿ ಗೆದ್ದವರು. ಹೆಸರೇ ಹೇಳುವಂತೆ ದೊಡ್ಡ ಜೀವ. ಅವರು ಚೆಂಡಿಗೆ ಕೋಲು ಬೀಸಿದರೆ ಪಕ್ಕದವರಿಗೆ ಗಾಳಿ ಬೀಸುತ್ತಿತ್ತು ಎನ್ನುತ್ತಿದ್ದರು. ಅಮ್ಮನಿಗೆ ಅವರು ಅಣ್ಣ ಆದದ್ದು, ನನಗೆ ಮಾಮ ಆದದ್ದು ರಕ್ತದಿಂದಲ್ಲ. ಅವರ ಕುರ್ಚಿಯಿಂದ.

ಆ ವರ್ಷ ಅಪ್ಪ ತಪ್ಪು ಮಾಡಿದ್ದ. ಅಂಥ ತಪ್ಪು ಮಾಡಲು ನಮ್ಮ ಮನೆಯವರಿಗೇ ಸಾಧ್ಯ.

ನಮ್ಮ ಕೆಲಸದ ಕ್ರಮ ಹೀಗೆ. ಕುರ್ಚಿಯ ಕಾಲು, ಕೈ, ಪಟ್ಟಿಗಳನ್ನೆಲ್ಲ ಮೊದಲೇ ರಂದ ಹೊಡೆದು, ಉದ್ದ ಮಾತ್ರ ಕೊಯ್ಯದೆ ಇಟ್ಟುಕೊಳ್ಳುತ್ತೇವೆ. ಕೊನೆಯ ಚೆಂಡು ಕುಳಿಗೆ ಬಿದ್ದ ಮೇಲೆ ಗೆದ್ದವನ ಅಳತೆ ತೆಗೆದು ಕೊಯ್ದು ಜೋಡಿಸುವುದು. ಮರುದಿನ ಊಟದ ಹೊತ್ತಿಗೆ ಮುಗಿಯಬೇಕು. ಆ ವರ್ಷ ಟೂರ್ನಿಯ ಸಮಯಕ್ಕೇ ಅಮ್ಮನಿಗೆ ದಿನ ತುಂಬಿತ್ತು. ಮೊದಲ ಬಸಿರು, ಹೆರಿಗೆ ಕಷ್ಟವಾಗಬಹುದು, ರಕ್ತ ಬೇಕಾಗಬಹುದು ಎಂದು ಡಾಕ್ಟರಮ್ಮ ಹೇಳಿದ್ದರು. ಹೊಂದುವ ರಕ್ತ ಅಪ್ಪನದೇ. ಕೊನೆಯ ಸುತ್ತಿನ ಹಿಂದಿನ ದಿನ ಒಬ್ಬ ಸಣಕಲು ಆಟಗಾರ, ಎಲ್ಲರೂ ಕಡ್ಡಿ ಪೈಲ್ವಾನ್ ಎನ್ನುತ್ತಿದ್ದವನು, ಮಿಕ್ಕವರಿಗೆ ಬೆನ್ನು ಮಾತ್ರ ಕಾಣುವಷ್ಟು ಮುಂದಿದ್ದ. ಕಡಿಮೆ ಹೊಡೆತದಲ್ಲಿ ಮುಗಿಸಿದವನು ಗೆಲ್ಲುವ ಆಟ ಅದು. ಅವನ ಹೊಡೆತಗಳು ಅಷ್ಟು ಕಡಿಮೆ. ಅಧ್ಯಕ್ಷರೇ ಆಗಲೇ ಕೈ ಕುಲುಕಿಬಿಟ್ಟಿದ್ದರಂತೆ. ಅಪ್ಪ ಕಡ್ಡಿಯನ್ನು ಕಣ್ಣಳತೆಯಲ್ಲೇ ಅಳೆದು, ಮನೆಗೆ ಬಂದು ಕೋಲಿಗೆ ಗೀರಿಟ್ಟು ಕೊಯ್ದು, ಅಂಟು ಹಾಕಿ ಕುರ್ಚಿ ಮುಗಿಸಿ, ಅಮ್ಮನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದ.

ಕೊನೆಯ ದಿನ ಕಡ್ಡಿಯ ಆಟ ಕೆಟ್ಟಿತು. ಚೆಂಡು ಒಂದು ಸಲ ಮರಳಿನ ಗುಂಡಿಗೆ ಬಿತ್ತು, ಇನ್ನೊಂದು ಸಲ ಕೆರೆಗೆ. ಹಿಂದಿನಿಂದ ಆನೆಮಾಮ ಒಂದೇ ಸಮ ಆಡಿಕೊಂಡು ಬಂದು, ಕೊನೆಯ ಕುಳಿಯಲ್ಲಿ ಒಂದೇ ಒಂದು ಹೊಡೆತದಿಂದ ಗೆದ್ದರು. ಆಸ್ಪತ್ರೆಯ ಮೊಗಸಾಲೆಯಲ್ಲಿ ತೋಳಿಗೆ ಹತ್ತಿ ಒತ್ತಿಕೊಂಡು ಕೂತಿದ್ದ ಅಪ್ಪನಿಗೆ ಎರಡು ಸುದ್ದಿ ಒಟ್ಟಿಗೇ ಬಂದವು. ಹೆಣ್ಣು ಮಗು, ಇಬ್ಬರೂ ಉಳಿದರು ಎಂಬುದು ಒಂದು. ಕುರ್ಚಿ ಹಾಳಾಯಿತು ಎಂಬುದು ಇನ್ನೊಂದು.

ಅಗಲದ ಪಟ್ಟಿಯನ್ನು ಇನ್ನಷ್ಟು ಸಣ್ಣದಾಗಿ ಕೊಯ್ಯಬಹುದು. ಕೊಯ್ದ ಮರವನ್ನು ಅಗಲ ಮಾಡಲು ಬರುವುದಿಲ್ಲ. ಬೇರೆ ಪಟ್ಟಿ ತಯಾರಿಲ್ಲ, ರಕ್ತ ಕೊಟ್ಟ ಮೈಯಲ್ಲಿ ಕಸುವಿಲ್ಲ, ಹೆಂಡತಿಗೆ ಇನ್ನೂ ಪೂರ್ತಿ ಎಚ್ಚರವಿಲ್ಲ. ಮರುದಿನ ಸಂಜೆ ಅಪ್ಪ ಅದೇ ಕುರ್ಚಿಯನ್ನು ಹೊತ್ತುಕೊಂಡು ಹೋಗಿ ಹಾಲಿನಲ್ಲಿಟ್ಟು ಮೂಲೆಯಲ್ಲಿ ನಿಂತ. ಕೆಲಸವನ್ನು ಯಾವುದೋ ಪೀಠೋಪಕರಣದ ಕಂಪನಿಗೆ ಕೊಡಿಸಲು ಆಗಲೇ ಒಬ್ಬ ಸದಸ್ಯರು ಹೊಂಚು ಹಾಕುತ್ತಿದ್ದರಂತೆ. ಇವತ್ತಿಗೆ ನಮ್ಮ ಕಥೆ ಮುಗಿಯಿತು ಎಂದುಕೊಂಡೆ ಎಂದು ಅಪ್ಪ ಆಮೇಲೆ ಹೇಳುತ್ತಿದ್ದ.

ಆನೆಮಾಮ ಕುರ್ಚಿಯನ್ನು ನೋಡಿದರು. ಮೂಲೆಯಲ್ಲಿ ಗಡ್ಡ ಬಿಟ್ಟು, ತೋಳಿಗೆ ಪಟ್ಟಿ ಸುತ್ತಿಕೊಂಡು ನಿಂತ ಬಡಗಿಯನ್ನು ನೋಡಿದರು. ಅವನ ಹೆಂಡತಿ ಹಿಂದಿನ ದಿನ ಸಾವಿನ ಬಾಯಿಂದ ಬಂದಳೆಂದು ಅವರ ಗಾಲ್ಫ್ ಕೋಲುಗಳ ಚೀಲ ಹೊರುವವನು ಹೇಳಿದ್ದನಂತೆ. ಮೈಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಉಸಿರು ಎಳೆದು, ಕುರ್ಚಿಯೊಳಗೆ ಇಳಿದರು. ಇಂಥ ಕುರ್ಚಿಯಲ್ಲಿ ನಾನು ಈ ಜನ್ಮದಲ್ಲಿ ಕೂತಿಲ್ಲ ಎಂದರು. ಅದರಲ್ಲಿ ಸುಳ್ಳು ಒಂದಿಷ್ಟೂ ಇರಲಿಲ್ಲ. ಊಟ ಮುಗಿದು ಭಾಷಣಕ್ಕೆಂದು ಎದ್ದಾಗ ಕುರ್ಚಿಯೂ ಅವರ ಜೊತೆಗೇ ಎದ್ದಿತು. ಸೊಂಟಕ್ಕೆ ಕುರ್ಚಿ ಸಿಕ್ಕಿಸಿಕೊಂಡು ನಿಂತ ವಿಜೇತನನ್ನು ನೋಡಿ ಇಡೀ ಹಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆನೆಮಾಮ ಎಲ್ಲರಿಗಿಂತ ಜೋರಾಗಿ ನಕ್ಕು, “ಇದಕ್ಕೆ ನನ್ನ ಬಿಡೋಕೆ ಮನಸ್ಸಿಲ್ಲ, ನೋಡಿ” ಎಂದರು. ತಪ್ಪು ಯಾರದೆಂದು ಕೇಳುವುದೇ ಎಲ್ಲರಿಗೂ ಮರೆತುಹೋಯಿತು.

ಆಮೇಲೆ ವರ್ಷ ವರ್ಷವೂ ಅವರು ಆ ಕುರ್ಚಿಯ ಅಂಚಿಗೆ ಕೂತೇ ಊಟ ಮಾಡಿದರು. ಯಾರಾದರೂ ಕೆಣಕಿದರೆ, ಗೆದ್ದಾಗ ನಾನು ತೆಳ್ಳಗಿದ್ದೆ, ಆಮೇಲೆ ಬೆಳೆದೆ ಎನ್ನುತ್ತಿದ್ದರು. ಅಮ್ಮ ನನ್ನನ್ನು ಎತ್ತಿಕೊಂಡು ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಅಂಗಡಿಗೆ ಬಂದು, ಹೊಟ್ಟು ತುಂಬಿದ ಬೆಂಚಿನ ಮೇಲೆ ಧೊಪ್ಪನೆ ಕೂತು, ನನ್ನ ಕೈಗೆ ಒಂದು ಗಾಲ್ಫ್ ಚೆಂಡು ಕೊಟ್ಟು ಹೋದರಂತೆ. ಅವರು ಎದ್ದು ಹೋದ ಮೇಲೆ ಹೊಟ್ಟಿನಲ್ಲಿ ಅವರ ಅಚ್ಚು ಉಳಿದಿತ್ತು. ಅಪ್ಪ ಅದಕ್ಕೆ ಕೋಲು ಹಿಡಿದು ಅಳತೆ ಗೀರಿಟ್ಟ. ಹೀಗಾಗಿ ನಾನು ಹುಟ್ಟಿದ ವರ್ಷಕ್ಕೆ ತೊಲೆಯಲ್ಲಿ ಎರಡು ಕೋಲು. ಒಂದು ಕಡ್ಡಿಯದು, ಒಂದು ಆನೆಯದು. ಸರಿಯಾದ ಕುರ್ಚಿ ಮಾಡಬೇಕೆಂದು ಅಪ್ಪ ಹತ್ತು ಸಲ ಕೋಲು ಇಳಿಸಿದ, ಹತ್ತು ಸಲ ಮತ್ತೆ ತೂಗುಹಾಕಿದ. ಹೊಸದನ್ನು ಮಾಡಿದರೆ ಹಳೆಯದು ತಪ್ಪೆಂದು ಕ್ಲಬ್ಬಿಗೆ ಒಪ್ಪಿಕೊಂಡಂತೆ. ಅದನ್ನು ಎತ್ತಿದಾಗಲೆಲ್ಲ ಆನೆಮಾಮನೂ ಮಾತು ಹಾರಿಸಿಬಿಡುತ್ತಿದ್ದರು. ಕ್ಷಮಿಸಿ ಎನ್ನಲು ಅವರು ಅವಕಾಶವನ್ನೇ ಕೊಡಲಿಲ್ಲ, ಅಪ್ಪ ಒಂದು ದಿನ ಹಾಗೇ ತೀರಿಹೋದ.

ಪ್ರತಿ ವರ್ಷ ಒಂದು ಚೆಂಡು ಮಾತ್ರ ತಪ್ಪಲಿಲ್ಲ. ನಮ್ಮ ಮನೆಯ ಕಪಾಟುಗಳಿಗೆಲ್ಲ ಹಿಡಿಯಾಗಿ ಕೂತಿರುವುದು ಅವೇ ಚೆಂಡುಗಳು. ಈಚೆಗೆ ಕೆಲವು ವರ್ಷಗಳಿಂದ ಅವರು ಬಂದಿರಲಿಲ್ಲ. ಮೊದಲು ಹೆಂಡತಿಗೆ ಹುಷಾರಿಲ್ಲವೆಂದು ಕೇಳಿದ್ದೆವು, ಆಮೇಲೆ ಅವರಿಗೇ.

“ಅವರ ಋಣ ಇಟ್ಕೊಂಡು ನಿಮ್ಮಪ್ಪ ಹೋದ. ನಾನೂ ಹಾಗೇ ಹೋಗಬೇಕೇನೇ?” ಅಮ್ಮ ಬೆತ್ತದ ತುದಿ ಕತ್ತರಿಸುತ್ತ ಕೇಳಿದಳು. “ಆ ದೊಡ್ಡ ಕೋಲು ಇಳಿಸು.”

ಕುರ್ಚಿಗಳೇ ಹೋಗುವ ಹೊತ್ತಿನಲ್ಲಿ ಇನ್ನೊಂದು ಕುರ್ಚಿಯೇ ಎಂದು ನಾನು ರೇಗಿದೆ. ಅಮ್ಮ ನನ್ನ ರೇಗಾಟಕ್ಕೆ ಕಿವಿ ಕೊಡುವವಳಲ್ಲ. ಹೋಗುವುದಾದರೆ ಹೋಗಲಿ, ಅದಕ್ಕೆ ಮುಂಚೆ ಆ ಮನುಷ್ಯ ಒಂದು ಸಲ ನೆಮ್ಮದಿಯಾಗಿ ಬೆನ್ನು ಆನಿಸಿ ಕೂರಲಿ ಎಂದಳು. ನಾನು ಈ ಭೂಮಿಯ ಮೇಲೆ ಇರುವುದೇ ಆ ತಪ್ಪು ಕುರ್ಚಿಯ ದೆಸೆಯಿಂದ. ಅಪ್ಪ ಅವತ್ತು ಅಂಗಡಿಯಲ್ಲಿ ಕೊನೆಯ ಚೆಂಡಿಗಾಗಿ ಕಾಯುತ್ತ ಕೂತಿದ್ದರೆ ಅಮ್ಮನಿಗೆ ರಕ್ತ ಕೊಡುವವರು ಯಾರೂ ಇರಲಿಲ್ಲ. ಆ ತಪ್ಪಿನ ಬಿಗಿತವನ್ನೆಲ್ಲ ತಮ್ಮ ಸೊಂಟದ ಮೇಲೆ ಹಾಕಿಕೊಂಡವರು ಆನೆಮಾಮ.

ಕೋಲು ಇಳಿಸಿದೆ. ಒಳ್ಳೆಯ ಮರ ಆರಿಸಿದೆ, ಅಪ್ಪನ ಉಳಿಯನ್ನೇ ಹಿಡಿದೆ. ಕೈಗಳನ್ನು ಅಗಲವಾಗಿ, ದುಂಡಗೆ ಮಾಡಿದೆ. ಅಮ್ಮ ಬೆತ್ತವನ್ನು ಎರಡು ಪದರ ಹೆಣೆದಳು, ಆನೆಯ ಭಾರ ತಡೆಯಬೇಕಲ್ಲ. ಮುಗಿದ ಮೇಲೆ ನಾನೂ ಅಮ್ಮನೂ ಒಟ್ಟಿಗೇ ಅದರಲ್ಲಿ ಕೂತು ನೋಡಿದೆವು. ಇಬ್ಬರಿಗೂ ಜಾಗವಿತ್ತು. ಅಮ್ಮ ಅವತ್ತು ಮದುವಣಗಿತ್ತಿಯಂತೆ ನಗುತ್ತಿದ್ದಳು.

ಆ ವರ್ಷದ ಟೂರ್ನಿಯನ್ನು ಒಬ್ಬ ಗುಂಗುರು ಕೂದಲಿನ ಹುಡುಗ ಗೆದ್ದ. ಕೊನೆಯ ಚೆಂಡು ಕುಳಿಗೆ ಬೀಳುವವರೆಗೆ ನಾನು ಗರಗಸ ಮುಟ್ಟಲಿಲ್ಲ. ಅಪ್ಪನ ಆ ವರ್ಷದ ನಂತರ ಅದು ನಮ್ಮ ಮನೆಯ ಕಟ್ಟುನಿಟ್ಟಿನ ನಿಯಮ. ಮರುದಿನ ಮಧ್ಯಾಹ್ನ ಅವನ ಕುರ್ಚಿಯನ್ನು ಹಾಲಿನಲ್ಲಿಟ್ಟು, ಮಿಕ್ಕ ಕುರ್ಚಿಗಳಿಗೆ ಪಾಲಿಶ್ ಹೊಡೆಯುವ ನೆಪದಲ್ಲಿ, ಆನೆಮಾಮನ ಹಳೆಯದನ್ನು ಎತ್ತಿ ಅಡುಗೆಮನೆಯ ಪಕ್ಕದ ಓಣಿಯಲ್ಲಿ ಇಟ್ಟೆ. ಅದರ ಜಾಗದಲ್ಲಿ ಹೊಸದನ್ನು ಕೂರಿಸಿದೆ. ಇಸ್ತ್ರಿಯವರು ನೋಡಿದರೂ ಅವರಿಗೆ ಗೊತ್ತಾಗಲಿಲ್ಲ. ಅವರಿಗೆ ಎಲ್ಲ ಹಳೆಯ ಕುರ್ಚಿಗಳೂ ಒಂದೇ.

ಸಂಜೆ ನಾನೂ ಅಮ್ಮನೂ ನಮ್ಮ ಮಾಮೂಲಿ ಜಾಗದಲ್ಲಿ, ಬಡಿಸುವವರು ಓಡಾಡುವ ಬಾಗಿಲ ಪಕ್ಕ, ನಿಂತಿದ್ದೆವು. ಕುರ್ಚಿಯ ಕಾಲು ಅಲುಗಾಡಿದರೆ ಸರಿಮಾಡಲು ಬಡಗಿ ಹತ್ತಿರ ಇರಬೇಕೆಂದು ಅಜ್ಜನ ಕಾಲದಿಂದಲೂ ಹಾಗೆ. ಹಳೆಯ ವಿಜೇತರು ಒಬ್ಬೊಬ್ಬರಾಗಿ ಬಂದು ತಮ್ಮ ಕುರ್ಚಿಗಳ ಕೈ ಸವರಿ ಕೂತರು. ಕೊನೆಗೆ ಆನೆಮಾಮ ಬಂದರು.

ನನಗೆ ಗುರುತೇ ಸಿಗಲಿಲ್ಲ. ಮಗಳ ತೋಳು ಹಿಡಿದು ಬಂದದ್ದು ಒಬ್ಬ ತೆಳ್ಳಗಿನ ಮುದುಕ. ಹಳೆಯ ಕೋಟು ಮೈಮೇಲೆ ಗೂಟಕ್ಕೆ ಹಾಕಿದಂತೆ ಜೋಲುತ್ತಿತ್ತು. ಕಾಯಿಲೆ ಅವರನ್ನು ಅರ್ಧಕ್ಕರ್ಧ ತಿಂದಿತ್ತು. ನಗು ಮಾತ್ರ ಹಾಗೇ ಇತ್ತು. ಅಮ್ಮ ಮಂಜುಗಣ್ಣಿನಲ್ಲಿ ಏನೂ ಕಾಣದೆ, ಬಂದರೇನೇ, ಕೂತರೇನೇ ಎಂದು ನನ್ನ ಕೈ ಜಗ್ಗುತ್ತಿದ್ದಳು. ನಾನು ಏನೆಂದು ಹೇಳಲಿ? ನಿಯಮ ನಿಯಮ ಎಂದು ಬಾಯಿ ಬಡಿದುಕೊಳ್ಳುವ ನಾನು, ಮನುಷ್ಯನ ಮುಖ ನೋಡದೆ, ಎಂದೋ ಹೊಟ್ಟಿನಲ್ಲಿ ಬಿದ್ದ ಅಚ್ಚಿನ ಅಳತೆಗೆ ಕುರ್ಚಿ ಮಾಡಿದ್ದೆ. ಅಪ್ಪನ ಮಗಳೇ ಸರಿ.

ಅವರು ಹೊಸ ಕುರ್ಚಿಯಲ್ಲಿ ಕೂತರು. ಕುರ್ಚಿ ಅವರನ್ನು ನುಂಗಿತು. ಅದರ ಎರಡು ಕೈಗಳ ಮೇಲೆ ಒಟ್ಟಿಗೆ ತೋಳು ಇಡಲೂ ಆಗದೆ, ನಡುವೆ ಎಲ್ಲೋ ಉಳಿದುಹೋದರು. ಒಬ್ಬಿಬ್ಬರು ನಕ್ಕರು. ಅಷ್ಟರಲ್ಲಿ ಇಸ್ತ್ರಿಯವರು ಮಾತಿಗೆ ಎದ್ದರು. ಕುರ್ಚಿಗಳನ್ನು ಬದಲಿಸುವ ವಿಷಯ ಮುಂದಿಟ್ಟು, ಪಾಪ, ಎದುರಿಗೇ ಸಿಕ್ಕ ಉದಾಹರಣೆಯನ್ನು ಬಳಸಿಕೊಂಡರು. ಮೈ ಅಳತೆಗೆ ಮಾಡಿದ ಕುರ್ಚಿ ಎನ್ನುತ್ತೇವೆ, ನಮ್ಮ ಹಿರಿಯರನ್ನೇ ನೋಡಿ, ಅಳತೆ ಎಲ್ಲಿ ಮನುಷ್ಯ ಎಲ್ಲಿ, ಕಾಲ ಬದಲಾಗುತ್ತದೆ, ನಾವೂ ಬದಲಾಗೋಣ ಎಂದರು. ಕೆಲವು ತಲೆಗಳು ಹೌದೆಂದು ಅಲ್ಲಾಡಿದವು. ಎಪ್ಪತ್ತೈದು ವರ್ಷದ ಕೆಲಸಕ್ಕೆ ನಾನೇ ಕೈಯಾರೆ ಗುಂಡಿ ತೋಡಿದ್ದೆ.

ಆನೆಮಾಮ ಕುರ್ಚಿಯ ಕೈಯನ್ನು ಬೆರಳಿನಿಂದ ತಟ್ಟಿ ನೋಡಿದರು. ಬಗ್ಗಿ ಬೆತ್ತ ಮುಟ್ಟಿದರು. ಆಮೇಲೆ ನಿಧಾನವಾಗಿ ಹಾಲಿನ ತುಂಬ ಕಣ್ಣಾಡಿಸಿ, ಬಾಗಿಲ ಬಳಿ ನಿಂತಿದ್ದ ನನ್ನ ಮೇಲೆ ನೋಟ ನಿಲ್ಲಿಸಿದರು.

“ಇದು ಹೊಸದು ಕಣಮ್ಮಾ. ನನ್ನ ಕುರ್ಚಿ ಎಲ್ಲಿ?”

ನಾನು ಓಣಿಯಿಂದ ಹಳೆಯ ಕುರ್ಚಿ ತಂದೆ. ಅವರು ಮಗಳ ತೋಳು ಹಿಡಿದು ಎದ್ದು, ತೋಳು ಬಿಟ್ಟು, ಪಕ್ಕಕ್ಕೆ ತಿರುಗದೆ, ಉಸಿರು ಎಳೆಯದೆ, ನೇರವಾಗಿ ಕೂತರು. ಹಿಂದಕ್ಕೆ ಸರಿದರು. ಬೆನ್ನು ಕುರ್ಚಿಯ ಬೆನ್ನಿಗೆ ತಾಗಿತು, ತೋಳುಗಳು ಕುರ್ಚಿಯ ಕೈಗಳ ಮೇಲೆ ತಾವಾಗಿಯೇ ಇಳಿದವು, ಪಾದಗಳು ನೆಲದಲ್ಲಿ ಸಮವಾಗಿ ನಿಂತವು. ನಾನು ಬಡಗಿ. ಕುರ್ಚಿ ಮೈಗೆ ಕೂತಾಗ ನನಗೆ ಗೊತ್ತಾಗುತ್ತದೆ. ಅಪ್ಪನ ಕೈಯಿಂದ ಹೊರಟ ಕುರ್ಚಿಗಳಲ್ಲಿ ಅಷ್ಟು ಸರಿಯಾಗಿ ಕೂತದ್ದನ್ನು ನಾನು ನೋಡಿರಲಿಲ್ಲ.

ಆನೆಮಾಮ ನೆಮ್ಮದಿಯಾಗಿ ಕಣ್ಣು ಮುಚ್ಚಿದರು. ಕಣ್ಣು ತೆರೆದು ಇಸ್ತ್ರಿಯವರ ಕಡೆ ತಿರುಗಿದರು. ದನಿ ಮೆತ್ತಗಿತ್ತು, ನಗುವೂ ಇತ್ತು.

“ಸಾರ್, ನೀವು ಹೇಳೋದು ಸರಿ ಇರಬಹುದು. ಹೊಟ್ಟೆಪಾಡಿಗೆ ಆಡೋ ನಮ್ಮಂಥವರನ್ನ ಈ ಮನೆಯಲ್ಲಿ ಮೊದಲು ಕೂರಿಸಿದ್ದು ಈ ಕುರ್ಚಿಗಳು. ತೆಗೀಬೇಕು ಅಂದ್ರೆ ತೆಗೀರಿ. ನಾವು ಎದ್ದ ಮೇಲೆ.”

ಹಾಗೆಂದು ಬೆನ್ನು ಆನಿಸಿ, ಕಾಲ ಮೇಲೆ ಕಾಲು ಹಾಕಿ, ಇನ್ನು ಏಳುವ ಯೋಚನೆಯೇ ಇಲ್ಲದವರಂತೆ ಕೂತರು. ಪಕ್ಕದ ವಿಜೇತರೂ ಬೆನ್ನು ಆನಿಸಿದರು. ಅವರ ಪಕ್ಕದವರೂ. ಗುಂಗುರು ಕೂದಲಿನ ಹುಡುಗ, ಅಂಟಿನ ವಾಸನೆ ಇನ್ನೂ ಆರದ ತನ್ನ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಯಾರಾದರೂ ಎಬ್ಬಿಸುತ್ತಾರೇನೋ ಎಂಬಂತೆ ಅತ್ತ ಇತ್ತ ನೋಡುತ್ತಿದ್ದ. ಮೊದಲು ನಕ್ಕವರು ಪ್ರಾಯೋಜಕರ ಕಡೆಯಿಂದ ಬಂದ ಹೆಂಗಸು. ಆಮೇಲೆ ಎಲ್ಲರೂ ನಕ್ಕರು. ಇಸ್ತ್ರಿಯವರು ಹಿಡಿದಿದ್ದ ಕಾಗದವನ್ನು ನೀಟಾಗಿ ಮಡಚಿ ಜೇಬಿಗೆ ಹಾಕಿಕೊಂಡು, ಅದರ ಗೆರೆ ಸರಿಯಾಗಿದೆಯೇ ಎಂದು ಒಮ್ಮೆ ನೋಡಿಕೊಂಡು, ತಾವೂ ನಕ್ಕರು. ಕುರ್ಚಿಗಳು ಇರಲಿ ಎಂದು ಅವರ ಬಾಯಿಂದಲೇ ಬಂ‌ದಿತು. ಈ ಮಾತಿಗೆ ಅವರನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ. ಹೆಸರು ಮಾತ್ರ ಬದಲಿಸಿಲ್ಲ.

ಊಟ ಬಡಿಸಲು ಶುರುಮಾಡಿದರು. ಹೊಸ ಕುರ್ಚಿ ಆನೆಮಾಮನ ಪಕ್ಕದಲ್ಲಿ ಖಾಲಿ ಇತ್ತು. ಎತ್ತಿಕೊಂಡು ಹೋಗೋಣವೆಂದು ನಾನು ಹತ್ತಿರ ಹೋದರೆ ಅವರು ತಡೆದು, ಬಾಗಿಲ ಕಡೆ ಕೈ ನೀಡಿದರು.

“ತಂಗೀ, ಎಷ್ಟು ವರ್ಷ ಅಂತ ಅಲ್ಲೇ ನಿಲ್ತೀರಿ? ಬನ್ನಿ, ಕೂತ್ಕೊಳ್ಳಿ.”

ಅಮ್ಮ ಆ ಹಾಲಿನ ಎಲ್ಲ ಕುರ್ಚಿಗಳಿಗೂ ಬೆತ್ತ ಹೆಣೆದವಳು. ಯಾವುದರಲ್ಲೂ ಅಲ್ಲಿ ಕೂತವಳಲ್ಲ. ಬೇಡ ಅಣ್ಣ, ಚೆನ್ನಾಗಿರಲ್ಲ ಎಂದಳು. ಅಧ್ಯಕ್ಷರೇ ಎದ್ದು ಬಂದು ಕೈ ಹಿಡಿದು ಕರೆದುಕೊಂಡು ಹೋದರು. ಆನೆಗೆಂದು ಮಾಡಿದ ಕುರ್ಚಿಯ ಒಂದು ಮೂಲೆಯಲ್ಲಿ ಅಮ್ಮ ಗುಬ್ಬಿಯಷ್ಟು ಕೂತಳು. ತಟ್ಟೆ ಬಂತು, ಚಮಚ ಬಂತು. ಅವಳು ಏನು ತಿಂದಳೋ ಅವಳಿಗೇ ಗೊತ್ತಿಲ್ಲ. ನಾನು ಬಾಗಿಲ ಬಳಿ ನಿಂತು ಬಡಿಸುವವರಿಗೆ ಅಡ್ಡವಾಗಿ ಅಳುತ್ತಿದ್ದೆ. ಸರೀರಿ ಅಕ್ಕ ಎಂದು ಬೈಸಿಕೊಂಡೆ.

ಎಲ್ಲ ಮುಗಿದು ಜನ ಏಳತೊಡಗಿದಾಗ ಮಗಳು ಬಂದು ಆನೆಮಾಮನಿಗೆ ತೋಳು ಕೊಟ್ಟಳು. ಅವರು ಎದ್ದರು. ಕುರ್ಚಿ ನೆಲದಲ್ಲೇ ಉಳಿಯಿತು. ಅವರು ಹಿಂತಿರುಗಿ ಅದನ್ನು ಒಂದು ಗಳಿಗೆ ನೋಡಿದರು.

ಅಷ್ಟು ಹೊತ್ತಿಗೆ ಅಮ್ಮನೂ ಎದ್ದು ನಿಂತಿದ್ದಳು. ಅಪ್ಪ ಆಡಲಾಗದೆ ಹೋದ ಮಾತನ್ನು ಇನ್ನು ಇಟ್ಟುಕೊಳ್ಳಲು ಅವಳಿಗೆ ಆಗಲಿಲ್ಲ. ಎರಡೂ ಕೈ ಜೋಡಿಸಿದಳು.

“ಅವತ್ತು ನಮ್ಮವರು ಅಳತೆ ತಪ್ಪಿದ್ರು ಅಣ್ಣ. ನೀವು ಯಾರಿಗೂ ಹೇಳಲಿಲ್ಲ. ಇವಳೂ ನಾನೂ ಬದುಕಿದ್ದೀವಿ.”

ಆನೆಮಾಮ ಅಮ್ಮನ ಜೋಡಿಸಿದ ಕೈಗಳನ್ನು ತಮ್ಮ ಕೈಯಿಂದ ಮೆಲ್ಲಗೆ ಬಿಡಿಸಿದರು. ಕೋಟಿನ ಜೇಬಿನಿಂದ ಒಂದು ಚೆಂಡು ತೆಗೆದು, ನಾನಿನ್ನೂ ತೊಟ್ಟಿಲಲ್ಲಿ ಇರುವವಳಂತೆ, ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

“ಅಳತೆ ತಪ್ಪಿರಲಿಲ್ಲ ತಂಗಿ,” ಎಂದರು. “ಸ್ವಲ್ಪ ಮುಂಚೆ ಮಾಡಿಬಿಟ್ಟಿದ್ರು, ಅಷ್ಟೇ.”